ಕಲ್ಲು ಸರಿಯಲಿಲ್ಲ, ಲೆಕ್ಕ ಸರಿಯಿತು

2024ರ ಮಳೆಗಾಲದಲ್ಲಿ ನಮ್ಮ ಊರಿನ ಮಿಲ್ಲಿನ ಹಿಂದಿರುವ ಓಣಿಯ ಹನ್ನೊಂದು ಮನೆಗಳ ಬಾಗಿಲಿಗೆ ಒಂದೊಂದು ನೋಟೀಸು ಅಂಟಿತು. ಈ ಮನೆಗಳು ಕೆರೆಯ ಅಂಗಳದಲ್ಲಿವೆ, ಏಕೆ ತೆರವು ಮಾಡಬಾರದು ಎಂಬುದಕ್ಕೆ ಹದಿನೈದು ದಿನದೊಳಗೆ ಕಾರಣ ಕೊಡತಕ್ಕದ್ದು ಎಂಬುದು ಅದರ ಸಾರಾಂಶ. ಆ ಮನೆಗಳಲ್ಲಿ ಇರುವವರು ಯಾರು? ಮೂವತ್ತು ವರ್ಷ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದು ಬಂದ ಗ್ರಾಚ್ಯುಟಿಯಲ್ಲಿ ಎರಡು ಅಂಕಣದ ಮನೆ ಕಟ್ಟಿದವರು. ಬೀದಿಯ ಬದಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಅವರ ಬಳಿ ಉತಾರವಿದೆ, ಕಂದಾಯ ಕಟ್ಟಿದ ರಸೀದಿಗಳಿವೆ, ಮನೆಯ ಮೂಲೆಯಲ್ಲಿ ನೆಟ್ಟ ಕಲ್ಲೂ ಇದೆ. ಆದರೂ ಅಧಿಕಾರಿಗಳ ಕೈಯಲ್ಲಿದ್ದ ಬಣ್ಣದ ನಕ್ಷೆ ಅವರನ್ನು ಕೆರೆಯೊಳಗೆ ಕೂರಿಸಿತ್ತು.

ಓಣಿಯ ಜನ ನಮ್ಮ ಕಚೇರಿಗೆ ಬಂದರು. ನಾವೂ ಸ್ಥಳಕ್ಕೆ ಹೋದೆವು. ಅಳತೆಯವರು ಬಂದ ದಿನ ಅಲ್ಲಿ ನಿವೃತ್ತನಾದ ಒಬ್ಬ ಬಾಂದು ಜವಾನನಿದ್ದ. ಜೀವಮಾನವೆಲ್ಲ ಸರಪಳಿ ಎಳೆದು, ಕಲ್ಲು ನೆಟ್ಟವನು. ಆತ ನಕ್ಷೆಯನ್ನು ಬಹಳ ಹೊತ್ತು ನೋಡಿದ; ಮನೆಗಳ ಮಾತೇ ಎತ್ತಲಿಲ್ಲ. "ಸಾಹೇಬ್ರ, ಕೆರಿ ಏರಿ ಎಲ್ಲೈತಿ ತೋರಸ್ರಿ" ಎಂದು ಕೇಳಿದ. ತೋರಿಸಿದರು. "ಏರಿ ನೀರಾಗ ನಿಂತೈತಲ್ರಿ! ಏರಿ ನೀರಾಗ ನಿಂತರ ಕೆರಿ ಯಾತರ ಮ್ಯಾಲ ನಿಂತೈತಿ?" ಎಂದ. ಸುತ್ತ ನಿಂತವರೆಲ್ಲ ನಕ್ಕರು. ಅಧಿಕಾರಿಗಳು ನಗಲಿಲ್ಲ. ಏಕೆಂದರೆ ಆತ ಹೇಳಿದ್ದು ನಿಜವಾಗಿತ್ತು. ಹಳೆಯ ನಕ್ಷೆಯ ಕೆರೆಗೆರೆಯನ್ನು ಉಪಗ್ರಹದ ಚಿತ್ರದ ಮೇಲೆ ಹಾಸಿದ್ದರು; ಆ ಗೆರೆಯಲ್ಲಿ ಏರಿ ನೀರಿನ ನಡುವೆ ಇತ್ತು, ತೂಬು ಗದ್ದೆಯಲ್ಲಿತ್ತು, ಹನುಮಂತ ದೇವರ ಗುಡಿ ರಸ್ತೆಯ ಆಚೆ ಹಾರಿತ್ತು. ಏರಿ, ತೂಬು, ಗುಡಿ, ಮನೆ, ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿದಿದ್ದವು. ದೂರ ನೂರು ಮೀಟರಿಗೂ ಮಿಕ್ಕಿತ್ತು.

ಒತ್ತುವರಿ ಮಾಡುವವನು ತನ್ನ ಗೋಡೆಯನ್ನು ಸರಿಸುತ್ತಾನೆ. ಆದರೆ ಇಡೀ ಊರು, ಕೆರೆ, ದೇವರು ಎಲ್ಲರೂ ಸೇರಿ ಒಂದೇ ಕಡೆ ಸರಿದರೆ ಆ ಒತ್ತುವರಿ ಮಾಡಿದವರು ಯಾರು? ಲೆಕ್ಕ. ನೋಟೀಸು ಸದ್ಯ ತಣ್ಣಗಾಗಿದೆ; ವಾಪಸು ಪಡೆದಿದ್ದೇವೆಂದು ಬರಹದಲ್ಲಿ ಯಾರೂ ಕೊಟ್ಟಿಲ್ಲ. ಆದುದರಿಂದ ಈ ಲೆಕ್ಕ ಎಂಥದು, ಅದು ಸರಿಯುವುದು ಹೇಗೆ, ಅದರ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ನಮ್ಮ ಓದುಗರು ತಿಳಿಯಲೇಬೇಕಾಗಿದೆ. ಇದು ಇಂಜಿನಿಯರರ ವಿಷಯ, ನಮಗೇಕೆ ಎಂದು ಯಾರೂ ಪುಟ ಮಗುಚಬಾರದು.

ಮಿಲ್ಲಿನ ಗೆಳೆಯರಿಗೆ ಒಂದು ಪ್ರಶ್ನೆ. "ನಲವತ್ತನೆಯ ನಂಬರು ನೂಲು" ಎಂದರೆ ಎಂಥ ನೂಲು? ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಒಂದು ಪೌಂಡಿಗೆ 840 ಗಜದ ನಲವತ್ತು ಲಡಿ ಬರುವ ನಯವಾದ ನೂಲು. ಆದರೆ ಈಗಿನ ಟೆಕ್ಸ್ ಲೆಕ್ಕದಲ್ಲಿ ನಲವತ್ತು ಎಂದರೆ ಒಂದು ಕಿಲೋಮೀಟರಿಗೆ ನಲವತ್ತು ಗ್ರಾಂ ತೂಗುವ ದಪ್ಪ ನೂಲು. ಇಂಗ್ಲಿಷ್ ಲೆಕ್ಕಕ್ಕೆ ತಂದರೆ ಅದು ಹದಿನೈದನೆಯ ನಂಬರಿಗೂ ಸ್ವಲ್ಪ ಕಡಿಮೆ. ಅಂಕಿ ಒಂದೇ, ನೂಲು ಬೇರೆ. ಯಾವ ಪದ್ಧತಿಯ ನಲವತ್ತು ಎಂದು ಹೇಳದೆ ಬರಿಯ ನಲವತ್ತು ಎಂದವನ ಮಾತು ನಂಬಿ ಯಾವ ಜಾಬರನೂ ಮಗ್ಗಕ್ಕೆ ನೂಲು ಏರಿಸುವುದಿಲ್ಲ.

ಭೂಮಿಯ ಅಳತೆಯೂ ಹೀಗೆಯೇ. ಒಂದು ಜಾಗಕ್ಕೆ ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ ಎಂದು ಅಂಕಿ ಕೊಡುತ್ತಾರೆ. ಆ ಅಂಕಿಗೆ ಅರ್ಥ ಬರಬೇಕಾದರೆ ಎರಡು ಸಂಗತಿ ಮೊದಲೇ ಗೊತ್ತಿರಬೇಕು: ಭೂಮಿಯ ಆಕಾರವನ್ನೂ ಗಾತ್ರವನ್ನೂ ಎಷ್ಟೆಂದು ಹಿಡಿದಿದ್ದಾರೆ, ಅಳತೆಯನ್ನು ಎಲ್ಲಿಂದ ಆರಂಭಿಸಿದ್ದಾರೆ. ಈ ಎರಡೂ ಸೇರಿದ ಅಡಿಪಾಯಕ್ಕೆ ಸರ್ವೆಯವರು ಡೇಟಂ ಎನ್ನುತ್ತಾರೆ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ ಅದು ತೂಕದ ಕಲ್ಲು. ತಕ್ಕಡಿ ಎಷ್ಟೇ ಸಮನಾಗಿ ನಿಂತರೂ ಕಲ್ಲು ಯಾವುದೆಂದು ಗೊತ್ತಿಲ್ಲದಿದ್ದರೆ ತೂಕಕ್ಕೆ ಬೆಲೆಯಿಲ್ಲ. ನಮ್ಮ ದೇಶದಲ್ಲಿ ಇಂದು ಭೂಮಿಯನ್ನು ತೂಗಲು ಎರಡು ಕಲ್ಲುಗಳಿವೆ. ಒಂದು ಕಂಪನಿ ಸರ್ಕಾರದ ಕಾಲದ್ದು, ಇನ್ನೊಂದು ಉಪಗ್ರಹದ ಕಾಲದ್ದು.

ಹಳೆಯ ಕಲ್ಲಿನ ಕಥೆ ನಮ್ಮ ನಾಡಿನಲ್ಲೇ ಹುಟ್ಟಿತೆಂದು ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಆ ದಂಡಿನಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಗೆದ್ದ ಸೀಮೆಯನ್ನು ತ್ರಿಕೋಣಗಳ ಮೂಲಕ ಅಳೆಯಬೇಕೆಂಬ ಯೋಜನೆಯನ್ನು ಮುಂದಿಟ್ಟ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ನೆಲದ ಮೇಲೆ ಸರಪಳಿಯಿಂದ ಅಳೆಯಲು ಹಿಡಿದರು. ಮುಗಿಯಲು 57 ದಿನ ಬೇಕಾಯಿತು. ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ, ಗೋಪುರದಿಂದ ಗೋಪುರಕ್ಕೆ ಕೋನ ಹಿಡಿಯುತ್ತ ಪಶ್ಚಿಮಕ್ಕೆ ಬಂದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ಮೊದಲಿನ ಲೆಕ್ಕವನ್ನು ತಾಳೆ ನೋಡಿದರು. ಹೀಗೆ ಮಂಗಳೂರಿನ ಕಡಲು ಮುಟ್ಟಿದಾಗ, ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ನಕ್ಷೆಗಳು ಹೇಳುತ್ತಿದ್ದುದು ಸುಳ್ಳೆಂದೂ ಅದು ಸುಮಾರು 360 ಮೈಲಿಯೆಂದೂ ತಿಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆಯೇ ಮಾಯವಾಯಿತು. ಅಷ್ಟು ನೆಲವನ್ನು ಯಾರೂ ಕದ್ದಿರಲಿಲ್ಲ. ಅದು ಇರಲೇ ಇಲ್ಲ.

ಈ ಕೆಲಸದ ಶ್ರೇಷ್ಠತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅರ್ಧ ಟನ್ನು ತೂಗುವ ಥಿಯೋಡೊಲೈಟ್ ಯಂತ್ರವನ್ನು ಗುಡ್ಡದ ತುದಿಗೆ ಹೊತ್ತವರು ನಮ್ಮ ಕೂಲಿಗಳು ಎಂಬುದನ್ನು ಮಾತ್ರ ನೆನಪಿಸಬಯಸುತ್ತೇವೆ. ಜ್ವರ ಬಂದು, ಕಾಡಿನಲ್ಲಿ ಬಿದ್ದು ಸತ್ತವರ ಹೆಸರು ಯಾವ ಶಿಖರಕ್ಕೂ ಬರಲಿಲ್ಲ. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ 1843ರಲ್ಲಿ ನಿವೃತ್ತನಾಗುವವರೆಗೆ ಈ ತ್ರಿಕೋಣಗಳ ಸರಪಳಿಯನ್ನು ಹಿಮಾಲಯದ ಬುಡಕ್ಕೆ ಒಯ್ದ. ಭೂಮಿ ಕಿತ್ತಳೆಹಣ್ಣಿನಂತೆ ಮೇಲೆ ಕೆಳಗೆ ಕೊಂಚ ಚಪ್ಪಟೆ. ಎಷ್ಟು ಚಪ್ಪಟೆ, ನಡು ಎಷ್ಟು ದಪ್ಪ ಎಂಬುದಕ್ಕೆ ಎವರೆಸ್ಟ್ 1830ರಲ್ಲಿ ಒಂದು ಲೆಕ್ಕ ಕಟ್ಟಿದ. ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ಅಳತೆಯ ಮೂಲಬಿಂದು ಇಟ್ಟರು. ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂತು, ಅದೂ ಹೋಗಿ ನಮ್ಮ ಸರ್ಕಾರ ಬಂತು. ಎವರೆಸ್ಟನ ಲೆಕ್ಕ ಮಾತ್ರ ಉಳಿಯಿತು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಎವರೆಸ್ಟ್ ತನ್ನ ಲೆಕ್ಕವನ್ನು ಅಡಿಗಳಲ್ಲಿ ಬರೆದಿದ್ದ. ಭೂಮಿಯ ನಡುವಿನಿಂದ ಸಮಭಾಜಕ ವೃತ್ತದವರೆಗೆ 2,09,22,931.80 ಅಡಿ. ಇದನ್ನು ಮೀಟರಿಗೆ ಇಳಿಸುವಾಗ, ಭಾರತದ ಸರ್ವೆಯ ಒಂದು ಅಡಿಗೆ ಎಷ್ಟು ಮೀಟರ್ ಎಂಬ ಪ್ರಶ್ನೆ ಬಂತು. 1937ರ ಲೆಕ್ಕದಲ್ಲಿ 0.30479841 ಮೀಟರ್, 1975ರ ಲೆಕ್ಕದಲ್ಲಿ 0.3047995 ಮೀಟರ್. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಎರಡು ಕೋಟಿ ಅಡಿಗೆ ಗುಣಿಸಿದರೆ ಮೊದಲನೆಯದರಲ್ಲಿ 63,77,276 ಮೀಟರ್, ಎರಡನೆಯದರಲ್ಲಿ 63,77,299 ಮೀಟರ್ ಬರುತ್ತದೆ. ಅಡಿಯ ಲೆಕ್ಕ ಒಂದೇ, ಮೀಟರಿನಲ್ಲಿ ಇಪ್ಪತ್ತಮೂರು ಮೀಟರಿನ ಅಂತರ! ಒಂದು ಕಾಳು ಕಡಿಮೆ ತೂಗಿದವನು ಒಂದು ಮೂಟೆಗೆ ಎಷ್ಟು ಉಳಿಸುತ್ತಾನೆಂಬುದು ಪೇಟೆಯ ಜನಕ್ಕೆ ಗೊತ್ತು. ಪರಿವರ್ತನೆಯ ಅಂಕಿಯಲ್ಲಿ ಏಳನೆಯ ದಶಾಂಶವೂ ಲೆಕ್ಕಕ್ಕೆ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ಕಲ್ಲಿನ ಹೆಸರು ಡಬ್ಲ್ಯು.ಜಿ.ಎಸ್. 84. ಇದು ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ಲೆಕ್ಕ, ಅವರ ಜಿ.ಪಿ.ಎಸ್. ಉಪಗ್ರಹಗಳು ಈ ಲೆಕ್ಕದಲ್ಲೇ ಮಾತನಾಡುತ್ತವೆ. ನಮ್ಮ ಜೇಬಿನ ಫೋನೂ ಅದನ್ನೇ ಓದುತ್ತದೆ. ಇದರ ಪ್ರಕಾರ ಭೂಮಿಯ ನಡುವಿನಿಂದ ಸಮಭಾಜಕಕ್ಕೆ 63,78,137 ಮೀಟರ್. ಎವರೆಸ್ಟನ ಭೂಮಿಗಿಂತ ಎಂಟುನೂರು ಅರವತ್ತು ಮೀಟರ್ ದೊಡ್ಡ ಭೂಮಿ. ಕೇಂದ್ರಬಿಂದುವೂ ಒಂದೇ ಅಲ್ಲ. ಎವರೆಸ್ಟ್ ತನ್ನ ಲೆಕ್ಕವನ್ನು ಭಾರತದ ನೆಲಕ್ಕೆ ಚೆನ್ನಾಗಿ ಕೂರುವಂತೆ ಹೊಂದಿಸಿದ್ದ. ದರ್ಜಿ ಒಬ್ಬನ ಮೈಗೆ ಹೊಲಿದ ಅಂಗಿಯಂತೆ. ಹೊಸ ಲೆಕ್ಕ ಇಡೀ ಭೂಗೋಳಕ್ಕೆ ಹೊಲಿದದ್ದು, ಭೂಮಿಯ ನಿಜವಾದ ತೂಕದ ಕೇಂದ್ರಕ್ಕೆ ಕಟ್ಟಿದ್ದು. ಎರಡರ ಕೇಂದ್ರಗಳ ನಡುವೆ ಎಂಟುನೂರು ಮೀಟರಿಗೂ ಹೆಚ್ಚಿನ ದೂರವಿದೆ. ಇದರಿಂದಾಗಿ ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ತೆಗೆದು ಫೋನಿಗೆ ಉಣಿಸಿದರೆ ಅದು ತೋರಿಸುವ ಜಾಗ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಆಚೆ ಬೀಳುತ್ತದೆ. ನಮ್ಮ ಓಣಿಯ ಕೆರೆ ಮನೆಗಳ ಮೇಲೆ ಬಂದದ್ದು ಹೀಗೆ.

ಇಂಥ ತಪ್ಪಿಗೆ ಔಷಧ ಇಲ್ಲವೇ? ಇದೆ. ಒಂದು ಲೆಕ್ಕದಿಂದ ಇನ್ನೊಂದಕ್ಕೆ ಬರಲು ಪರಿವರ್ತನಾಂಕಗಳಿವೆ. ಮೂರು ದಿಕ್ಕಿಗೆ ಇಷ್ಟಿಷ್ಟು ಸರಿಸು ಎಂದು ಹೇಳುವ ಮೂರು ಅಂಕಿಗಳು ಅತ್ಯಂತ ಸರಳ ವಿಧಾನ. ತಿರುವು, ಹಿಗ್ಗು ಕುಗ್ಗುಗಳನ್ನೂ ಸೇರಿಸಿದರೆ ಏಳು ಅಂಕಿಗಳು. ಭಾರತ ನೇಪಾಳಗಳಿಗೆ ಸಂಬಂಧಿಸಿದ ಆ ಮೂರು ಅಂಕಿಗಳನ್ನು ಅಮೆರಿಕದ ರಕ್ಷಣಾ ನಕ್ಷಾ ಸಂಸ್ಥೆ ತನ್ನ ವರದಿಯಲ್ಲಿ ಬಹಿರಂಗವಾಗಿ ಅಚ್ಚುಹಾಕಿದೆ: 295, 736, 257 ಮೀಟರ್. ಹತ್ತು ಹದಿನೈದು ಮೀಟರ್ ಹೆಚ್ಚು ಕಡಿಮೆಯಾಗಬಹುದೆಂದು ಅದೇ ವರದಿ ಒಪ್ಪಿಕೊಂಡಿದೆ. ವಿಚಿತ್ರ ನೋಡಿ. ಭಾರತದ ನಕ್ಷೆಯನ್ನು ಉಪಗ್ರಹದ ಲೆಕ್ಕಕ್ಕೆ ತರುವ ಅಂಕಿ ವಾಷಿಂಗ್ಟನ್ನಿನ ಪುಸ್ತಕದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ನಮ್ಮ ಇಲಾಖೆಯ ಅಧಿಕೃತ ಅಂಕಿ ನಮ್ಮ ಜನಕ್ಕೆ ಬಹುಕಾಲ ಸುಲಭವಾಗಿ ಸಿಗಲಿಲ್ಲ. ಗಡಿಯ, ಕರಾವಳಿಯ ನಕ್ಷೆಗಳಿಗೆ ಬೀಗ ಬಿದ್ದಿತ್ತು. ಶತ್ರುವಿಗೆ ಗೊತ್ತಿದ್ದದ್ದನ್ನು ಸ್ವಂತ ಪ್ರಜೆಯಿಂದ ಮುಚ್ಚಿಡುವುದಕ್ಕೆ ದೇಶರಕ್ಷಣೆ ಎಂದು ಹೆಸರಿಡಲಾಗಿತ್ತು.

ಇನ್ನೂ ಒಂದು ತೊಡಕಿದೆ. ಹಳೆಯ ತ್ರಿಕೋಣ ಜಾಲ ಎಲ್ಲ ಕಡೆ ಒಂದೇ ಬಿಗಿಯಲ್ಲಿಲ್ಲ. ಹಳೆಯ ಚಾದರದಂತೆ ಎಲ್ಲೋ ಜಗ್ಗಿದೆ, ಎಲ್ಲೋ ಕುಗ್ಗಿದೆ. ಆದುದರಿಂದ ದೇಶಕ್ಕೆಲ್ಲ ಒಂದೇ ಅಂಕಿ ಹಾಕಿದರೆ ಮನೆಯ ಗೋಡೆ ತೀರ್ಮಾನಿಸುವಷ್ಟು ಸೂಕ್ಷ್ಮ ಬರುವುದಿಲ್ಲ. ಆಯಾ ಸೀಮೆಯಲ್ಲಿ ಹಳೆಯ ಸರ್ವೆ ಗುರುತುಗಳನ್ನು ಹುಡುಕಿ, ಅವುಗಳ ಮೇಲೆ ಹೊಸ ಯಂತ್ರ ಇಟ್ಟು, ಎರಡೂ ಲೆಕ್ಕ ಬರೆದು, ಆ ಸೀಮೆಗೆ ತಕ್ಕ ಅಂಕಿ ತೆಗೆಯಬೇಕು. ಇದು ಕಾಲುಸವೆಸುವ ಕೆಲಸ. ಕುರ್ಚಿಯಲ್ಲಿ ಕುಳಿತು ಗುಂಡಿ ಒತ್ತಿ ಮುಗಿಸುವಂಥದಲ್ಲ. ಹಳೆಯ ನಕ್ಷೆಯ ಸ್ಕೇಲನ್ನೂ ನೆನೆಯಬೇಕು. ಐವತ್ತು ಸಾವಿರಕ್ಕೆ ಒಂದರ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಐವತ್ತು ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೊಂದೇ ಇಪ್ಪತ್ತೈದು ಮೀಟರ್ ಅಗಲ! ಆ ಗೆರೆಯ ಹೊಟ್ಟೆಯೊಳಗೆ ಒಂದು ಇಡೀ ಓಣಿ ಮಲಗುತ್ತದೆ. ಅಂಥ ಗೆರೆ ಹಿಡಿದು ಒಬ್ಬನ ಅಡುಗೆಮನೆ ಕೆರೆಯಲ್ಲಿದೆ, ಪಡಸಾಲೆ ದಂಡೆಯಲ್ಲಿದೆ ಎಂದು ಹೇಳುವುದು ಅಳತೆಯೆನಿಸದು. ಅದು ಕಣಿ ಹೇಳುವುದು.

ಇಷ್ಟು ಹೇಳಿದ್ದು ದೇಶದ ನಕ್ಷೆಯ ವಿಷಯ. ನಮ್ಮ ಹೊಲ ಮನೆಗಳ ದಾಖಲೆಯದು ಇನ್ನೂ ಬೇರೆಯೇ ಕಥೆ. ಮುಂಬೈ ಕರ್ನಾಟಕದಲ್ಲೂ ಹಳೆಯ ಮೈಸೂರಿನಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಯದ ಸರ್ವೆ ನಡೆದದ್ದು ಮೂವತ್ತಮೂರು ಅಡಿಯ, ಹದಿನಾರು ಆಣೆಯ ಸರಪಳಿಯಿಂದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಸರಪಳಿಯ ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ. ಈ ಕಲ್ಲಿನಿಂದ ಆ ಕಲ್ಲಿಗೆ ಇಷ್ಟು ಸರಪಳಿ ಇಷ್ಟು ಆಣೆ ಎಂದು ಟಿಪ್ಪಣಿಯಲ್ಲಿ ಬರೆದರು. ಅದರಲ್ಲಿ ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ, ಎವರೆಸ್ಟನೂ ಇಲ್ಲ. ಹಳ್ಳಿಯ ನಕ್ಷೆ ತನ್ನ ಕಲ್ಲುಗಳನ್ನು ಮಾತ್ರ ಬಲ್ಲದು. ಭೂಗೋಳದಲ್ಲಿ ತಾನೆಲ್ಲಿದ್ದೇನೆಂಬುದು ಅದಕ್ಕೆ ಗೊತ್ತಿಲ್ಲ. ಇದು ಅದರ ಕೊರತೆಯೂ ಹೌದು, ಬಲವೂ ಹೌದು. ಕಲ್ಲು ಅಲುಗದಿರುವವರೆಗೆ, ದೇಶದ ಲೆಕ್ಕ ಎತ್ತ ಸರಿದರೂ ರೈತನ ಬಾಂದು ಸರಿಯುವುದಿಲ್ಲ.

ಈಗ ಆ ಟಿಪ್ಪಣಿಯ ನಕ್ಷೆಗಳನ್ನು ಉಪಗ್ರಹದ ಲೆಕ್ಕಕ್ಕೆ ಜೋಡಿಸಲಾಗುತ್ತಿದೆ. ನೂರಾರು ವರ್ಷ ಮಡಿಸಿಟ್ಟು, ನೆನೆದು, ಒಣಗಿ, ಕುಗ್ಗಿದ ಕಾಗದವನ್ನು ಚಿತ್ರ ತೆಗೆದು, ನಾಲ್ಕು ಮೂಲೆ ಹಿಡಿದು ಎಳೆದು ಚಿತ್ರದ ಮೇಲೆ ಹಾಸುತ್ತಾರೆ. ಯಾವ ಮೂಲೆಗಳನ್ನು ಹಿಡಿದರು, ಎಷ್ಟು ಎಳೆದರು ಎಂಬುದರ ಮೇಲೆ ಗೆರೆ ಒಬ್ಬನ ಅಂಗಡಿಯ ಒಳಗೋ ಹೊರಗೋ ಬೀಳುತ್ತದೆ. ಇಪ್ಪತ್ತು ಮೂವತ್ತರ ನಿವೇಶನದ ಮೂವತ್ತಡಿ ಬದಿಯ ಗೋಡೆ ಒಂದೇ ಒಂದು ಮೀಟರ್ ಒಳಗೆ ಬಂದರೆ ತೊಂಬತ್ತೆಂಟು ಚದರ ಅಡಿ ಹೋಯಿತು. ನಿವೇಶನದ ಆರನೆಯ ಒಂದು ಪಾಲು. ನೂರು ಎಕರೆಯ ಒಡೆಯನಿಗೆ ಒಂದು ಮೀಟರ್ ಕೂದಲೆಳೆ. ಎರಡು ಅಂಕಣದವನಿಗೆ ಅದು ಮಕ್ಕಳು ಮಲಗುವ ಜಾಗ. ಒಂದೇ ತಪ್ಪು ಬಡವನಿಗೆ ದೊಡ್ಡದಾಗಿ, ಶ್ರೀಮಂತನಿಗೆ ಚಿಕ್ಕದಾಗಿ ತಗಲುತ್ತದೆಂಬುದನ್ನು ಯಾವ ಯಂತ್ರವೂ ಲೆಕ್ಕ ಹಾಕುವುದಿಲ್ಲ.

ನಾವು ಹೊಸ ಅಳತೆಯ ವಿರೋಧಿಗಳೆಂದು ಯಾರೂ ತಿಳಿಯಬಾರದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆಯುತ್ತ ಬಂದಿದ್ದಾರೆ. ಮೊದಲ ಪ್ರಯೋಗದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಊರೊಳಗಿನ ಮನೆಗೆ ಸರ್ವೆ ನಂಬರೇ ಇಲ್ಲದೆ, ಸಾಲ ಕೇಳಿದರೆ ಬ್ಯಾಂಕಿನವರು ಬಾಗಿಲು ತೋರಿಸುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಅಂಥವರಿಗೆ ಕಾಗದ ಸಿಗುವುದು ಒಳ್ಳೆಯದೇ. 2025ರ ಫೆಬ್ರವರಿಯಲ್ಲಿ ಪಟ್ಟಣಗಳಿಗಾಗಿ ನಕ್ಷಾ ಎಂಬ ಯೋಜನೆ ಹೊರಟಿತು. ದೇಶದ ಸುಮಾರು ನೂರೈವತ್ತು ಊರುಗಳಲ್ಲಿ ಪ್ರಯೋಗ. ಹಗಲು ರಾತ್ರಿ ಉಪಗ್ರಹದ ಸಂಕೇತ ಹಿಡಿದು, ಅಳೆಯುವವನಿಗೆ ಕೆಲವೇ ಸೆಂಟಿಮೀಟರಿನ ನಿಖರತೆ ಕೊಡುವ ಸ್ಥಿರ ಕೇಂದ್ರಗಳನ್ನು ಸರ್ವೆ ಆಫ್ ಇಂಡಿಯಾ ದೇಶದ ಉದ್ದಗಲಕ್ಕೂ ನೆಟ್ಟಿದೆ. ನಮ್ಮ ರಾಜ್ಯದಲ್ಲೂ ಇವೆ. ಇದೆಲ್ಲ ಸಾರ್ವಜನಿಕರ ಹಣದಿಂದ ಆದ ಒಳ್ಳೆಯ ಕೆಲಸ. ಯಂತ್ರ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮಿಲ್ಲಿನ ಯಂತ್ರದ ಮೇಲೂ ನಮಗೆ ಎಂದೂ ಕೋಪವಿರಲಿಲ್ಲ. ಅದನ್ನು ಯಾರು, ಯಾರ ಹಿತಕ್ಕೆ ನಡೆಸುತ್ತಾರೆಂಬುದೇ ನಮ್ಮ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ನಕ್ಷೆಗಳನ್ನು ಎರಡು ಮಾಡಿತು. ಸೈನ್ಯಕ್ಕೆ ಒಂದು ಮಾಲೆ, ಜನಕ್ಕೆ ಡಬ್ಲ್ಯು.ಜಿ.ಎಸ್. 84ರ ಮೇಲಿನ ಮುಕ್ತ ಮಾಲೆ. 2021ರ ಫೆಬ್ರವರಿಯಲ್ಲಿ ಭಾರತೀಯ ಸಂಸ್ಥೆಗಳು ಅನುಮತಿಯಿಲ್ಲದೆ ನಕ್ಷೆ ತಯಾರಿಸಬಹುದೆಂದು ನಿಯಮ ಸಡಿಲವಾಯಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಪ್ರದೇಶ ಮಾಹಿತಿಯ ನೀತಿ ಬಂದಿತು. ಬೀಗ ತೆಗೆದದ್ದು ಸಂತೋಷ. ಆದರೆ ತೆರೆದ ಬಾಗಿಲೊಳಗೆ ಮೊದಲು ನುಗ್ಗಿದವರು ಯಾರು? ಬಂಡವಾಳವಿದ್ದ ಕಂಪನಿಗಳು, ಲೇಔಟ್ ಮಾಡುವ ಧಣಿಗಳು. ಅವರ ಬಳಿ ಯಂತ್ರವಿದೆ, ಇಂಜಿನಿಯರನಿದ್ದಾನೆ, ತಪ್ಪು ಗೆರೆ ಬಿದ್ದರೆ ಮರುದಿನವೇ ಪ್ರಶ್ನಿಸುವ ವಕೀಲನಿದ್ದಾನೆ. ಓಣಿಯ ಜನರ ಬಳಿ ಒಬ್ಬ ಹಳೆಯ ಬಾಂದು ಜವಾನನಿದ್ದ. ಅವನಿಲ್ಲದ ಓಣಿಗಳ ಗತಿ ಏನು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ನೀತಿ ಕೊಟ್ಟ ನಕ್ಷೆಯನ್ನು ಕಚೇರಿ ಕೊಡುವುದಿಲ್ಲ. ಯಾವ ಡೇಟಂ ಎಂದು ಕೇಳಿದರೆ ಗುಮಾಸ್ತರು ಮುಖ ನೋಡುತ್ತಾರೆ.

ಕೊನೆಗೆ ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇವೆ. ನಾವು ನಿಂತ ಭಾರತದ ನೆಲವೇ ಈಶಾನ್ಯದ ಕಡೆಗೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಜರುಗುತ್ತಿದೆ. ಇಡೀ ನೆಲ ಒಟ್ಟಿಗೆ ಹೋಗುವುದರಿಂದ ನೆರೆಹೊರೆಯ ಗೋಡೆಗಳ ನಡುವಿನ ಅಂತರ ಬದಲಾಗುವುದಿಲ್ಲ. ಆದರೆ ಭೂಗೋಳದ ಲೆಕ್ಕದಲ್ಲಿ ಇಂದು ಬರೆದ ಅಂಕಿಯನ್ನು ಇಪ್ಪತ್ತು ವರ್ಷದ ನಂತರ ಹಾಗೆಯೇ ಹಿಡಿದು ನೋಡಿದರೆ ಒಂದು ಮೀಟರಿನ ಅಂತರ ಬಂದಿರುತ್ತದೆ. ಆದುದರಿಂದ ಅಂಕಿಯ ಪಕ್ಕದಲ್ಲಿ ಡೇಟಂ ಅಷ್ಟೇ ಸಾಲದು, ಇಸವಿಯೂ ಇರಬೇಕು. ಇಸವಿ ಇಲ್ಲದ ಅಂಕಿ ತಾರೀಖಿಲ್ಲದ ಹುಂಡಿಯಂತೆ; ಯಾವ ವ್ಯಾಪಾರಿಯೂ ಅದನ್ನು ಮುಟ್ಟಲಾರ.

ಇವೆಲ್ಲ ಸಾಮಾನ್ಯರಿಗೆ ಅರ್ಥವಾಗುವುದಿಲ್ಲ, ತಜ್ಞರಿಗೆ ಬಿಡಿ ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂದಾಗ ಏನಾಯಿತು? ಒಂದು ಆಣೆಗೆ ಆರು ಪೈಸೆ, ಎರಡಕ್ಕೆ ಹನ್ನೆರಡು, ಮೂರಕ್ಕೆ ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು ಎಂದು ಸರ್ಕಾರ ಪಟ್ಟಿ ಹೊರಡಿಸಿತು. ಲೆಕ್ಕಕ್ಕೆ ಸರಿಯಾಗಿ ಒಂದು ಆಣೆಗೆ ಬರಬೇಕಾದದ್ದು ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಜೇಬಿಗೆ ಎಂದು ಊರೂರ ಅಂಗಡಿಗಳ ಮುಂದೆ ಜಗಳವಾಡಿದ ತಲೆಮಾರು ಅದು. ಸೇರು ಹೋಗಿ ಕಿಲೋ ಬಂದಾಗಲೂ ಹಾಗೆಯೇ. ಅಕ್ಷರ ಬಾರದ ಅಜ್ಜಿಯರೂ ಎರಡು ವಾರದಲ್ಲಿ ಕಲಿತರು. ಏಕೆ ಕಲಿತರು? ಪಟ್ಟಿ ಗೋಡೆಯ ಮೇಲಿತ್ತು. ಪಟ್ಟಿ ಗೋಡೆಯ ಮೇಲಿದ್ದರೆ ಪ್ರಜೆ ತಜ್ಞನಾಗುತ್ತಾನೆ; ಬೀರುವಿನಲ್ಲಿದ್ದರೆ ತಜ್ಞನೂ ಪ್ರಜೆಗೆ ಒಡೆಯನಾಗುತ್ತಾನೆ.

ಅಳತೆಯ ವಿಷಯ ನಮ್ಮ ಚಳವಳಿಗೆ ಹೊಸದೂ ಅಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಯಾವುದರಿಂದ? ಗೇಣಿಯ ಭತ್ತ ಅಳೆಯುವ ಕೊಳಗದ ಜಗಳದಿಂದ. ಒಡೆಯನ ಮನೆಯ ಕೊಳಗ ದೊಡ್ಡದಿತ್ತು. ಅಲ್ಲಿ ಹೋರಾಟಕ್ಕೆ ನಿಂತ ಗೋಪಾಲಗೌಡರಿಗೂ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಲೋಹಿಯಾ ಅವರಿಗೂ ಒಂದು ಸಂಗತಿ ಸ್ಪಷ್ಟವಿತ್ತು: ಕೊಳಗ ಯಾರದೋ ರಾಶಿ ಅವರದು. ಇಂದಿನ ಕೊಳಗ ಕಣ್ಣಿಗೆ ಕಾಣುವುದಿಲ್ಲ, ಕಂಪ್ಯೂಟರಿನೊಳಗಿದೆ. ಆದರೂ ಅದು ಕೊಳಗವೇ.

ಆದುದರಿಂದ ನಾವು ಸರ್ಕಾರದಿಂದ ಕೇಳುವುದು ಇಷ್ಟು. ಒಂದನೆಯದು, ಅಳತೆಗೆ ಸಂಬಂಧಿಸಿದ ಪ್ರತಿಯೊಂದು ನೋಟೀಸು, ಸ್ಕೆಚ್ಚು, ಕಾರ್ಡಿನ ಮೇಲೆ ಯಾವ ಡೇಟಂ, ಯಾವ ಇಸವಿಯ ಲೆಕ್ಕ, ಮೂಲ ನಕ್ಷೆಯ ಸ್ಕೇಲು ಎಷ್ಟು, ತಪ್ಪಿನ ಅಂದಾಜು ಎಷ್ಟು ಎಂಬುದನ್ನು ಕನ್ನಡದಲ್ಲಿ ಅಚ್ಚುಹಾಕಬೇಕು. ಎರಡನೆಯದು, ಹಳೆಯ ಲೆಕ್ಕದಿಂದ ಹೊಸದಕ್ಕೆ ಬರುವ ಅಧಿಕೃತ ಪರಿವರ್ತನಾಂಕಗಳನ್ನು ಜಿಲ್ಲೆ ಜಿಲ್ಲೆಗೂ ಪ್ರಕಟಿಸಿ, ತಾಲೂಕು ಕಚೇರಿಯ ಗೋಡೆಗೆ ಹಚ್ಚಬೇಕು. ಮೂರನೆಯದು, ಪ್ರತಿ ಊರಿನಲ್ಲೂ ಎಲ್ಲರಿಗೂ ಕಾಣುವ ಜಾಗದಲ್ಲಿ ನಾಲ್ಕಾರು ಗುರುತಿನ ಕಲ್ಲು ನೆಟ್ಟು, ಅವುಗಳ ಅಂಕಿಯನ್ನು ಕಲ್ಲಿನ ಮೇಲೆಯೇ ಕೆತ್ತಬೇಕು. ಯಾವ ಯಂತ್ರ ಬಂದರೂ ಮೊದಲು ಆ ಕಲ್ಲಿನ ಮೇಲೆ ಪರೀಕ್ಷೆಯಾಗಬೇಕು, ಪೇಟೆಯ ತಕ್ಕಡಿಗೆ ವರ್ಷವರ್ಷ ಮುದ್ರೆ ಹಾಕಿಸುವಂತೆ. ನಾಲ್ಕನೆಯದು, ನೆಲದ ಮೇಲಿನ ಹಳೆಯ ಕಲ್ಲಿಗೂ ಪರದೆಯ ಮೇಲಿನ ಗೆರೆಗೂ ವ್ಯತ್ಯಾಸ ಬಂದಾಗ, ಸ್ಥಳದಲ್ಲೇ ಎರಡೂ ಕಡೆಯವರ ಮುಂದೆ ಅಳೆದು ತೀರ್ಮಾನಿಸುವವರೆಗೆ ಕಲ್ಲೇ ಸಾಕ್ಷಿಯೆಂದು ಹಿಡಿಯಬೇಕು. ಐದನೆಯದು, ಬರಿಯ ಹಾಸಿದ ನಕ್ಷೆಯ ಆಧಾರದಿಂದ ಒಂದೇ ಒಂದು ಮನೆಯನ್ನೂ ಕೆಡವಕೂಡದು.

ಕೆರೆಗಳನ್ನು ನುಂಗಿದವರನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಕೆರೆ ಉಳಿಯಬೇಕು, ನುಂಗಿದವರು ಯಾರೇ ಆಗಿರಲಿ ಕಕ್ಕಬೇಕು. ಸರಿಯಾದ ಅಳತೆ ಬೇಕೆಂಬುದು ಅದಕ್ಕಾಗಿಯೂ ಹೌದು. ತಪ್ಪು ಲೆಕ್ಕ ಬಡವನನ್ನು ಕೆರೆಗೆ ನೂಕುವಾಗಲೇ ನಿಜವಾದ ಒತ್ತುವರಿದಾರನನ್ನು ದಂಡೆಗೆ ಎತ್ತಿ ಕೂರಿಸಿರುತ್ತದೆ. ನಮ್ಮ ಊರಿನ ಆ ನಕ್ಷೆಯನ್ನು ಸರಿಯಾದ ಜಾಗಕ್ಕೆ ಎಳೆದು ಕೂರಿಸಿದರೆ ಕೆರೆಯ ಆಚೆ ಬದಿಯಲ್ಲಿ ಯಾರ ಕಾಂಪೌಂಡು ಒಳಗೆ ಬರುತ್ತದೆಂಬುದನ್ನು ನೋಡುವ ಆಸಕ್ತಿ ಯಾವ ಅಧಿಕಾರಿಯೂ ಇದುವರೆಗೆ ತೋರಿಸಿಲ್ಲ.

ಓದುಗ ಬಾಂಧವರಿಗೆ ಒಂದು ಮಾತು. ನಿಮ್ಮ ಬಾಗಿಲಿಗೆ ಇಂಥ ನೋಟೀಸು ಬಂದರೆ ಹೆದರಿ ದಲ್ಲಾಳಿಯ ಬಳಿ ಓಡಬೇಡಿ. ನಕ್ಷೆಯನ್ನು ಕೇಳಿ ಪಡೆಯಿರಿ. ಮೊದಲು ನಿಮ್ಮ ಮನೆಯನ್ನು ನೋಡಬೇಡಿ. ಹಳೆಯ ಗುಡಿ, ಬಾವಿ, ಕೆರೆಯ ಏರಿ, ರೈಲು ದಾರಿ ಎಲ್ಲಿ ಬಿದ್ದಿವೆಯೆಂದು ನೋಡಿರಿ. ನಿಮ್ಮ ಗೋಡೆಯೊಂದೇ ಸರಿದಿದ್ದರೆ ನಿಮ್ಮ ಕಾಗದಪತ್ರ ತೆಗೆದು ಕೂತು ಯೋಚಿಸಿರಿ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿದಿದ್ದರೆ ತಪ್ಪು ನಿಮ್ಮದಲ್ಲ, ಲೆಕ್ಕದ್ದು. ಡೇಟಂ ಯಾವುದು, ಪರಿವರ್ತನೆ ಮಾಡಿದಿರಾ, ಮಾಡಿದ ಅಂಕಿ ಯಾವುದು ಎಂದು ಮಾಹಿತಿ ಹಕ್ಕಿನಡಿ ಬರೆದು ಕೇಳಿರಿ. ಒಬ್ಬರೇ ಹೋಗಬೇಡಿ, ಓಣಿಯವರೆಲ್ಲ ಸೇರಿ ಹೋಗಿರಿ. ಮೂಲೆಯ ಕಲ್ಲನ್ನು ಕೀಳಲು ಯಾರಿಗೂ ಬಿಡಬೇಡಿ; ನೀವೂ ಅಲುಗಿಸಬೇಡಿ.

ಮಿಲ್ಲಿನ ಹಿಂದಿನ ಓಣಿಯ ಹನ್ನೊಂದು ಮನೆಗಳ ಕಲ್ಲುಗಳು ಇಂದಿಗೂ ನೆಟ್ಟಲ್ಲೇ ಇವೆ. ನೋಟೀಸು ವಾಪ್ಸಾಗಿದೆಯೆಂಬ ಕಾಗದ ಕೈಗೆ ಬರುವವರೆಗೆ ಪ್ರತಿ ಸೋಮವಾರ ಆ ಓಣಿಯವರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ನಾವೂ ಜೊತೆಗಿರುತ್ತೇವೆ.